ನಿಯಾನ್‌ನುವಿನ ಮಟ್ಟು

ಚೀನಾದ ಮಹಾಕವಿ ಸು ಶಿ 1082ರಲ್ಲಿ, ಗಡೀಪಾರಾಗಿ ಹುವಾಂಗ್‌ಝೌ ಊರಲ್ಲಿದ್ದಾಗ, ಕೆಂಪು ಬಂಡೆಯ ಬಳಿ ಹಿಂದೆಂದೋ ನಡೆದ ನದೀಯುದ್ಧವನ್ನು ನೆನೆದು ಒಂದು ಪದ್ಯ ಬರೆದ. ಮಹಾನದಿ, ಸುಟ್ಟುಹೋದ ನೌಕೆಗಳು, ಕಾಲವಾದ ವೀರರು, ಎಲ್ಲವೂ ಗಂಡುಮೆಟ್ಟಿನ ಸರಕು. ಆದರೆ ಪದ್ಯದ ನೆತ್ತಿಯ ಮೇಲಿನ ಹೆಸರು ಮಾತ್ರ ‘ನಿಯಾನ್‌ನುವಿನ ಬಿನ್ನಾಣ’! ಯಾರೀಕೆ? ಯುದ್ಧಕ್ಕೂ ಇವಳಿಗೂ ಏನು ನಂಟು? ಏನೂ ಇಲ್ಲ. ಅದಕ್ಕೂ ಮುನ್ನೂರು ವರ್ಷ ಹಿಂದೆ, ತಾಂಗ್ ಚಕ್ರವರ್ತಿ ಶ್ವಾನ್‌ಝೊಂಗನ ಕಾಲದಲ್ಲಿ, ಕಂಠಕ್ಕೆ ಹೆಸರಾಗಿದ್ದ ಹಾಡುಗಾರ್ತಿ ಅವಳು. ಅವಳ ಹೆಸರು ಹೊತ್ತ ಮಟ್ಟೊಂದಿತ್ತು, ಸು ಶಿ ಅದರೊಳಗೆ ಯುದ್ಧವನ್ನು ತಂದು ಕೂರಿಸಿದ, ಅಷ್ಟೇ. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕದಲ್ಲಿ ಹಾಡಿನ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚುಹಾಕುತ್ತಿದ್ದರಲ್ಲ, ಅದೇ ಲೆಕ್ಕ.

ಈ ಜಾತಿಯ ಪದ್ಯಕ್ಕೆ ಚೀನೀಯರು ‘ತ್ಸಿ’ ಎನ್ನುತ್ತಾರೆ. ತ್ಸಿ ಬರೆಯುವುದಕ್ಕೆ ಅವರಲ್ಲಿರುವ ಮಾತು ‘ತುಂಬುವುದು’. ಮಟ್ಟು ಮೊದಲು, ಮಾತು ಆಮೇಲೆ. ಹಾಂಗ್‌ಕಾಂಗ್‌ನಲ್ಲಿ ಹಾಡು ಬರೆಯುವವರಿಗೆ ಇವತ್ತಿಗೂ ಅದೇ ಕ್ರಿಯಾಪದ. ಹಳೆಯ ಪಂಡಿತಮಾನ್ಯ ಪದ್ಯದಲ್ಲಿ ಸಾಲಿಗೆ ಐದೋ ಏಳೋ ಅಕ್ಷರ, ಮೊದಲಿಂದ ಕೊನೆತನಕ ಒಂದೇ ಅಳತೆ. ತ್ಸಿ ಹಾಗಲ್ಲ, ರಾಗ ಎಳೆದಲ್ಲಿ ಉದ್ದ, ತುಂಡರಿಸಿದಲ್ಲಿ ಗಿಡ್ಡ. ‘ಪೂಸಾ ಮಾನ್’ ಎಂಬ ಮಟ್ಟನ್ನೇ ನೋಡಿ. ಅದರಲ್ಲಿ ಒಟ್ಟು 44 ಅಕ್ಷರ. ಮೊದಲ ಖಂಡದಲ್ಲಿ ಏಳರ ಎರಡು ಸಾಲು, ಐದರ ಎರಡು. ಎರಡನೆಯದರಲ್ಲಿ ನಾಲ್ಕೂ ಐದರವೇ. ಎರಡೆರಡು ಸಾಲಿಗೆ ಪ್ರಾಸ ಬದಲು. ಅದರ ಮೇಲೆ, ಯಾವ ಜಾಗದಲ್ಲಿ ಸಮಸ್ವರದ ಅಕ್ಷರ, ಯಾವ ಜಾಗದಲ್ಲಿ ಏರಿಳಿತದ್ದು ಎಂಬ ಕಟ್ಟೂ ಇದೆ. ಕವಿ ಎಷ್ಟೇ ದೊಡ್ಡವನಾದರೂ ನಲವತ್ತೈದನೆಯ ಅಕ್ಷರ ಸೇರಿಸುವಂತಿಲ್ಲ.

ಸರಿ, ಮಟ್ಟುಗಳು ಎಲ್ಲಿಂದ ಬಂದವು? ಇಲ್ಲೇ ನನಗೆ ಖುಷಿ ಕೊಡುವ ಸಂಗತಿ ಇರುವುದು. ಬಹಳಷ್ಟು ಬಂದದ್ದು ಪಶ್ಚಿಮದ ಮರುಭೂಮಿಯ ದಾರಿಯಿಂದ, ಒಂಟೆಗಳ ಜೊತೆ. ಕ್ರಿ.ಶ. 568ರಲ್ಲಿ ಚೀನಾದ ಉತ್ತರ ಝೌ ವಂಶದ ದೊರೆ ತುರುಕ ರಾಜಕುಮಾರಿಯೊಬ್ಬಳನ್ನು ಮದುವೆಯಾದ. ಅವಳ ಪರಿವಾರದಲ್ಲಿ ಕೂಚಾ ರಾಜ್ಯದ, ಪಿಪಾ ಎಂಬ ತಂತಿವಾದ್ಯದ ವಾದಕನೊಬ್ಬನಿದ್ದ, ಹೆಸರು ಸುಜೀವ. ಅವನು ನುಡಿಸುತ್ತಿದ್ದ ಏಳು ಸ್ವರಕ್ರಮಗಳ ಹೆಸರುಗಳನ್ನು ಚೀನೀ ಚರಿತ್ರಕಾರರು ತಮ್ಮ ನಾಲಗೆಗೆ ಹೊಂದುವಂತೆ ಬರೆದಿಟ್ಟರು. ವಿದ್ವಾಂಸರು ಅವನ್ನು ಬಿಡಿಸಿ ನೋಡಿದರೆ ಒಳಗೆ ಕೂತಿದ್ದದ್ದು ಕೈಶಿಕ, ಸಾಧಾರಿತ, ಪಂಚಮ! ತಮಿಳುನಾಡಿನ ಕುಡುಮಿಯಾನ್‌ಮಲೈ ಬಂಡೆಯ ಮೇಲೆ ಏಳನೆಯ ಶತಮಾನದಲ್ಲಿ ಕೊರೆದ ಸಂಗೀತ ಶಾಸನದಲ್ಲೂ ಈ ಹೆಸರುಗಳಿವೆ. ಪಂಚಮ ಚೀನೀ ಬಾಯಲ್ಲಿ ‘ಬನ್‌ಶೆ’ಯಾಗಿ ಸು ಶಿ ಬದುಕಿದ್ದ ಸೊಂಗ್ ಕಾಲದವರೆಗೂ ಬಾಳಿತು. ಸಂಗೀತಕ್ಕೆ ಶುದ್ಧ ಸ್ವದೇಶಿಯ ಪಟ್ಟ ಕಟ್ಟಲು ಹೊರಟವರು, ಅಲ್ಲಿನವರಾಗಲಿ ಇಲ್ಲಿನವರಾಗಲಿ, ಸುಜೀವನ ಹೆಸರು ಬಂದಾಗ ಸ್ವಲ್ಪ ಕೆಮ್ಮಿ ಸುಮ್ಮನಾಗಬೇಕು.

ಮುಂದೆ 714ರಲ್ಲಿ ಶ್ವಾನ್‌ಝೊಂಗ್ ಹಾಡುವ, ಕುಣಿಯುವ ಹೆಂಗಸರ ತರಬೇತಿಗೆ ಅರಮನೆಯ ಸಂಗೀತಶಾಲೆಯನ್ನು ಬೇರೆಯಾಗಿಯೇ ನಿಲ್ಲಿಸಿದ. ತ್ಸುಯಿ ಲಿಂಗ್‌ಚಿನ್ ಎಂಬವನು ಆ ಶಾಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಮುನ್ನೂರಕ್ಕೂ ಹೆಚ್ಚು ಮಟ್ಟುಗಳ ಹೆಸರಿದೆ. ಹೆಸರುಗಳಿವೆ, ಸ್ವರಗಳಿಲ್ಲ. ಸ್ವರ ಸಿಕ್ಕದ್ದು ಅದೇ ಮರುಭೂಮಿ ದಾರಿಯ ದುನ್‌ಹುವಾಂಗ್‌ನ ಗುಹೆಯಲ್ಲಿ. 1900ರಲ್ಲಿ ಅಲ್ಲಿನ ಮುಚ್ಚಿದ ಕೋಣೆ ತೆರೆದಾಗ ಸಾವಿರಾರು ಕೈಬರಹಗಳ ನಡುವೆ ತ್ಸಿಗಳೂ ಇದ್ದವು. ಗಡಿಗೆ ಹೋದ ಗಂಡನಿಗಾಗಿ ಹಂಬಲಿಸುವ ಹೆಂಡತಿಯರ ಹಾಡುಗಳು, ಬರೆದವರ ಹೆಸರೂ ಇಲ್ಲದವು. ಪ್ಯಾರಿಸ್ ಸೇರಿದ ಒಂದು ಸುರುಳಿಯ ಒಂದು ಬದಿಯಲ್ಲಿ 933ರ ಬೌದ್ಧ ಪ್ರವಚನ, ಇನ್ನೊಂದು ಬದಿಯಲ್ಲಿ 25 ಮಟ್ಟುಗಳ ಪಿಪಾ ಲಿಪಿ. ಬೆರಳು ಎಲ್ಲಿಡಬೇಕು ಅನ್ನುವುದು ಗೊತ್ತಾಗುತ್ತದೆ, ತಾಳ ಹೇಗೆ ಅನ್ನುವುದಕ್ಕೆ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ.

ಇಷ್ಟರಲ್ಲಿ ಕವಿಗಳಿಗೂ ಇದರ ರುಚಿ ಹತ್ತಿತ್ತು. ಒಂಬತ್ತನೆಯ ಶತಮಾನದ ವೆನ್ ತಿಂಗ್‌ಯುನ್ ಇವರಲ್ಲಿ ಮುಂಚೂಣಿಯವನು. ಹಾಡುಗಾರ್ತಿಯರ ಬೀದಿಗಳಲ್ಲಿ ತಿರುಗುವುದರಲ್ಲೂ ಮುಂಚೂಣಿಯವನೇ. ಆಗಿನ ಚಕ್ರವರ್ತಿಗೆ ಪೂಸಾ ಮಾನ್ ಮಟ್ಟೆಂದರೆ ಪ್ರಾಣವಂತೆ. ಪ್ರಧಾನಮಂತ್ರಿ ಲಿಂಗ್‌ಹು ತಾವ್ ಗುಟ್ಟಾಗಿ ವೆನ್‌ನಿಂದ ಬರೆಸಿ, ತನ್ನದೇ ಎಂದು ಒಪ್ಪಿಸಿ, ಯಾರಿಗೂ ಹೇಳಬೇಡ ಎಂದನಂತೆ. ವೆನ್ ಹೇಳದೆ ಇರುತ್ತಾನೆಯೇ? ಊರೆಲ್ಲ ಸಾರಿದ. ಅವನಿಗೆ ಸರ್ಕಾರಿ ನೌಕರಿಯಲ್ಲಿ ಏಳಿಗೆಯಾಗಲಿಲ್ಲ. 940ರಲ್ಲಿ ಸಿಚ್ವಾನ್ ಕಡೆಯಲ್ಲಿ 500 ತ್ಸಿಗಳ ಸಂಕಲನ ಬಂದಾಗ ಮೊದಲ ಜಾಗ ಮಾತ್ರ ಅವನಿಗೇ ಸಿಕ್ಕಿತು.

ಹಾಡಿನ ನಿಜವಾದ ಅಳಿಯ ಎಂದರೆ ಲಿಯು ಯೊಂಗ್. ಹನ್ನೊಂದನೆಯ ಶತಮಾನದಲ್ಲಿ ಸಂಗೀತಗಾರರು ಹೊಸ ಮಟ್ಟು ಕಟ್ಟಿದ ಕೂಡಲೇ ಮಾತಿಗಾಗಿ ಇವನ ಮನೆಗೆ ಓಡುತ್ತಿದ್ದರು. ಕುಡಿಯುವ ನೀರಿನ ಬಾವಿ ಇರುವ ಊರಲ್ಲೆಲ್ಲ ಲಿಯುವಿನ ಹಾಡಿದೆ ಎಂಬ ಮಾತೇ ಹುಟ್ಟಿಕೊಂಡಿತ್ತು. ಸು ಶಿಗೆ ಅವನ ಮೇಲೆ ಒಂದು ಕಣ್ಣು. ‘ನನ್ನದು ಹೇಗೆ, ಅವನದು ಹೇಗೆ?’ ಎಂದು ಹಾಡುಬಲ್ಲವನೊಬ್ಬನನ್ನು ಕೇಳಿದನೆಂದು ಕಥೆ. ಲಿಯುವಿನದನ್ನು ಹದಿನೇಳು ಹದಿನೆಂಟರ ಹುಡುಗಿ ದಂತದ ಚಿಟಿಕೆ ಹಿಡಿದು ಹಾಡಬೇಕು, ತಮ್ಮದಕ್ಕೆ ಕಬ್ಬಿಣದ ಚಿಟಿಕೆ ಹಿಡಿದ ದೈತ್ಯ ಗಂಡಸು ಬೇಕು ಎಂದನಂತೆ ಅವನು. ಸು ಶಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದಿನ ತಲೆಮಾರಿನ ಲಿ ಚಿಂಗ್‌ಝಾವ್ ನಗಲಿಲ್ಲ. ತ್ಸಿ ಬರೆದವರಲ್ಲಿ ಆಕೆಗೆ ಸಮನಾದವರು ಕಡಿಮೆ. ಸು ಶಿಯದು ಸಾಲು ಏರುಪೇರಾದ ಬರೀ ಪದ್ಯ, ಎಷ್ಟೋ ಸಲ ಸ್ವರಕ್ಕೆ ಕೂರುವುದೇ ಇಲ್ಲ ಎಂದು ಲೇಖನವೊಂದರಲ್ಲಿ ನೇರವಾಗಿಯೇ ಬರೆದಳು. ಕಿವಿ ಇದ್ದವಳ ದೂರು ಅದು, ನಾನು ಅವಳ ಪಕ್ಷ.

ಪಕ್ಷ ವಹಿಸಿ ಪ್ರಯೋಜನವೇನು? ಸೊಂಗ್ ರಾಜ್ಯ ಮಂಗೋಲರ ಕೈ ಸೇರಿತು, ಬೇರೆ ಬಗೆಯ ಹಾಡು ಮೇಲೆದ್ದಿತು, ಹಳೆಯ ಮಟ್ಟುಗಳನ್ನು ಹಾಡುವವರು ಇಲ್ಲವಾದರು. ಜಿಯಾಂಗ್ ಕುಯ್ ಎಂಬ ಬಡ ಕವಿಯೊಬ್ಬ ಅಕ್ಷರಗಳ ಪಕ್ಕ ಪುಟ್ಟ ಸ್ವರಚಿಹ್ನೆ ಬರೆದಿಟ್ಟಿದ್ದ 17 ಹಾಡುಗಳು ಉಳಿದವು. 1191ರ ಚಳಿಗಾಲದಲ್ಲಿ ಅವನು ಮಿತ್ರ ಫಾನ್ ಚೆಂಗ್‌ದಾನ ಮನೆಯಲ್ಲಿ ಉಳಿದುಕೊಂಡಿದ್ದ. ಅತಿಥೇಯ ಹೊಸ ಹಾಡು ಕೇಳಿದಾಗ ಪ್ಲಮ್ ಹೂವಿನ ಮೇಲೆ ಎರಡು ಕಟ್ಟಿ ಕೊಟ್ಟ. ಮನೆಯ ಹಾಡುಗಾರ್ತಿಯರು ಅವನ್ನು ಕಲಿತು ಹಾಡಿದರು. ಇವನು ಕೆಲವೊಮ್ಮೆ ಮಾತು ಮೊದಲು ಬರೆದು ಆಮೇಲೆ ರಾಗ ಹಾಕುತ್ತಿದ್ದ, ಅಂದರೆ ಇಡೀ ಪದ್ಧತಿಯನ್ನೇ ತಲೆಕೆಳಗು ಮಾಡಿದ್ದ.

ರಾಗ ಹೋದರೂ ನಿಯಮ ಬಿಡಲಿಲ್ಲ. 1715ರಲ್ಲಿ ಚಕ್ರವರ್ತಿಯ ಅಪ್ಪಣೆಯಿಂದ ಬಂದ ಲಕ್ಷಣಗ್ರಂಥದಲ್ಲಿ 826 ಮಟ್ಟುಗಳಿವೆ. ಹಳೆಯ ಪದ್ಯಗಳ ಅಕ್ಷರ ಎಣಿಸಿ ಎಣಿಸಿ ಮಾಡಿದ ಪಟ್ಟಿ. ಯಾರೂ ಕೇಳಿರದ ರಾಗಕ್ಕೆ ಅಕ್ಷರ ತಪ್ಪದಂತೆ ಬರೆಯುವುದು ಇಪ್ಪತ್ತನೆಯ ಶತಮಾನದಲ್ಲೂ ನಡೆದಿತ್ತು. ಮಾವೋನಂಥ ಕ್ರಾಂತಿಕಾರಿಯೂ ಈ ಹಳೆಯ ಕಟ್ಟನ್ನು ಮುರಿಯಲಿಲ್ಲ.

1983ರಲ್ಲಿ ತೈವಾನ್‌ನ ಗಾಯಕಿ ತೆರೇಸಾ ತೆಂಗ್ ಹಳೆಯ ತ್ಸಿಗಳನ್ನು ಹೊಸ ಧಾಟಿಗೆ ಹಾಡಿದ ಧ್ವನಿಮುದ್ರಿಕೆ ತಂದಳು. ತಮ್ಮನನ್ನು ನೆನೆದು ಸು ಶಿ 1076ರ ಹುಣ್ಣಿಮೆಯಲ್ಲಿ ಬರೆದದ್ದೂ ಅದರಲ್ಲಿತ್ತು. ಈಗ ಶರತ್ಕಾಲದ ಹುಣ್ಣಿಮೆ ಹಬ್ಬ ಬಂತೆಂದರೆ ಅಂಗಡಿ, ಟಿ.ವಿ., ಶಾಲೆ ಎಲ್ಲೆಲ್ಲೂ ಅದೇ ಹಾಡು. ಸ್ವರಕ್ಕೆ ಕೂರದ್ದು ಬರೆದವನು ಎಂದು ಲಿ ಚಿಂಗ್‌ಝಾವ್ ಬೈದ ಸು ಶಿಯೇ ಇವತ್ತು ತ್ಸಿ ಕವಿಗಳಲ್ಲಿ ಹೆಚ್ಚು ಹಾಡಿಸಿಕೊಳ್ಳುತ್ತಿರುವವನು. ಅದೂ ಕಬ್ಬಿಣದ ಚಿಟಿಕೆಯ ಗಂಡಸಿನಿಂದಲ್ಲ.