ಜಿನ್ನು, ಡಾಬಿ, ಸ್ಟೆಪ್ನಿ

ಶಿವರಾತ್ರಿ ಬಂತೆಂದರೆ ರೋಣದ ಸುತ್ತಿನ ಎರೆಹೊಲಗಳೆಲ್ಲ ಬೆಳ್ಳಗಾಗುತ್ತಿದ್ದವು. ಹತ್ತಿ ಬಿಡಿಸುವ ಹೆಣ್ಣಾಳುಗಳ ಹಾಡು, ಪಡಸಾಲೆಯಲ್ಲಿ ತೊಲೆ ಮುಟ್ಟುವ ರಾಶಿ, ಅದರ ಮೇಲೆ ಉರುಳಾಡಿ ಬೈಸಿಕೊಳ್ಳುತ್ತಿದ್ದ ನಾವು. ಅಂಡಿಗೆ ಹೇರಿದ ಗಾಡಿ ಹೊರಟಾಗ ‘ಎಲ್ಲಿಗೆ ಹೊಂಟೀರಿ ಕಾಕಾ?’ ಅಂದರೆ ಒಂದೇ ಉತ್ತರ: ‘ಜಿನ್ನಿಗೆ.’

ಇಂಗ್ಲಿಷಿನ ಗಂಧವಿಲ್ಲದ ನಮ್ಮ ಹಿರಿಯರಿಗೆ ಅದು ಮನೆಮಾತೇ ಆಗಿತ್ತು. ಜಿನ್ ಅಂದರೆ ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರ. ‘ಎಂಜಿನ್’ ಎಂಬುದರ ತಲೆ ಸವೆದು ಉಳಿದದ್ದೇ ಜಿನ್. ಹಳೆಯ ಕಾಲದ ಇಂಗ್ಲಿಷಿನಲ್ಲಿ ಎಂಜಿನ್ ಅಂದರೆ ಮೊದಲು ಜಾಣತನ, ಹಿಕಮತ್ತು. ಯಂತ್ರವೆಂಬ ಅರ್ಥ ಹುಟ್ಟಿದ್ದು ಆಮೇಲೆ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೇಸಾಯಗಾರರನ್ನು ಧಾರವಾಡ ಸೀಮೆಗೆ ಕರೆಸಿತು. ಅವರ ಬೀಜದ ಜೊತೆ ಗರಗಸದ ಜಿನ್ನೂ ಬಂತು, ಹೆಸರೂ ಬಂತು.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಾವು ಕಲಿತ ಮಾತು ಬೇರೆ. ಗೆಳೆಯನ ಮನೆಯಲ್ಲಿ ಕುಣಿಮಗ್ಗ. ಅವನಪ್ಪ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ಮಗ್ಗದ ಮೇಲೊಂದು ಮರದ ಚೌಕಟ್ಟು, ಅದರಲ್ಲಿ ಸುತ್ತುವ ಪಟ್ಟಿಗಳ ಮಾಲೆ, ಪಟ್ಟಿಗೆ ಬಡಿದ ಪುಟ್ಟ ಪುಟ್ಟ ಗೂಟಗಳು. ಕಾಲಲ್ಲಿ ಒತ್ತಿದರೆ ಒಂದು ಪಟ್ಟಿ ಸರಿಯುವುದು, ಗೂಟವಿದ್ದ ಕಡೆಯ ಎಳೆಗಳು ಮೇಲೇಳುವವು, ಲಾಳಿ ಹಾಯುವುದು, ಸೀರೆಯ ಅಂಚಿನಲ್ಲಿ ಒಂದು ಸಾಲು ಚಿತ್ತಾರ ಮೂಡುವುದು. ಗೂಟ ಒಂದು ತಪ್ಪಿದರೂ ಚಿತ್ತಾರ ಕೆಟ್ಟಂತೆಯೇ. ‘ಡಾಬಿ ಮುಟ್ಟಬ್ಯಾಡ್ರೋ’ ಎಂಬ ಕೂಗು ಈಗಲೂ ಕಿವಿಯಲ್ಲಿದೆ. ಈ ಯಂತ್ರ ಬರುವ ಮೊದಲು ಯುರೋಪಿನ ಮಗ್ಗಗಳಲ್ಲಿ ಎಳೆ ಎತ್ತಲು ಒಬ್ಬ ಹುಡುಗ ದಿನವಿಡೀ ದಾರ ಜಗ್ಗುತ್ತಿದ್ದ. ಅವನನ್ನು ‘ಡ್ರಾ ಬಾಯ್’ ಅನ್ನುತ್ತಿದ್ದರು. ಅದೇ ಸವೆದು ಡಾಬಿ ಆಯಿತೆಂಬುದು ಒಂದು ವಿವರಣೆ. ನನಗೆ ಈ ವಿವರಣೆಯೇ ಇಷ್ಟ. ಎಲ್ಲಿಯದೋ ಬಡಹುಡುಗನ ದುಡಿಮೆಯನ್ನು ನಮ್ಮ ನೇಕಾರರು ತಮಗೆ ಗೊತ್ತಿಲ್ಲದೆಯೇ ದಿನಾ ನೆನೆಯುತ್ತಿದ್ದರಲ್ಲ!

ಬಸ್ಸಿನ ಮಾತು ಬಂದರೆ ಸ್ಟೆಪ್ನಿ ಬರಲೇಬೇಕು. ಗಜೇಂದ್ರಗಡದಿಂದ ರೋಣಕ್ಕೆ ಬರುವ ದಾರಿಯಲ್ಲಿ ಗಾಲಿ ಪಂಕ್ಚರ್ ಆದರೆ ನಮಗೆ ಹಬ್ಬ. ಡ್ರೈವರ್ ಸ್ಟೆಪ್ನಿ ಹಾಕುವವರೆಗೆ ಎಲ್ಲರೂ ಇಳಿದು ಬೇವಿನ ನೆರಳಿಗೆ. ವೇಲ್ಸ್ ನಾಡಿನ ಲ್ಯಾನೆಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಈ ಹೆಚ್ಚುವರಿ ಗಾಲಿ ಮಾಡಿದರು. ಅದಕ್ಕೂ ಮೊದಲು ಮೋಟಾರುಗಳಲ್ಲಿ ಅಂಥ ಗಾಲಿಯೇ ಇರುತ್ತಿರಲಿಲ್ಲ. ಇಂಗ್ಲಿಷರು ಆ ಹೆಸರನ್ನು ಮರೆತೇಬಿಟ್ಟರು. ನಮ್ಮ ಡ್ರೈವರುಗಳು ಬಿಡಲಿಲ್ಲ.

ನರಗುಂದದ ಮಾತು ಮಾತ್ರ ಹೀಗೆ ಸುಲಭಕ್ಕೆ ಹೇಳಿ ಮುಗಿಸುವಂಥದ್ದಲ್ಲ. ಮಲಪ್ರಭೆಯ ಕಾಲುವೆ ಬಂದ ಮೇಲೆ ಗುಡಿಕಟ್ಟೆಯಲ್ಲಿ, ಚಹಾದಂಗಡಿಯಲ್ಲಿ ಎಲ್ಲರ ಬಾಯಲ್ಲೂ ‘ಬೆಟರ್‌ಮೆಂಟ್ ಲೆವಿ’. ಕಾಲುವೆಯಿಂದ ಹೊಲದ ಬೆಲೆ ಏರಿತು, ಆ ಏರಿಕೆಯಲ್ಲಿ ಸರ್ಕಾರಕ್ಕೂ ಪಾಲು ಬೇಕು ಎಂಬ ಕರ ಅದು. ‘ನೀರ ಮುಟ್ಟಿಲ್ಲ, ಲೇವಿ ಎಲ್ಲಿಂದ ಕೊಡೂದು?’ ಎಂದು ರೈತರು ಕೇಳಿದರು. ಲೆವಿಯ ಬೇರು ಲ್ಯಾಟಿನ್ನಿನಲ್ಲಿದೆ, ಅರ್ಥ ‘ಎತ್ತು’. ನಾವೂ ಚಂದಾ ಎತ್ತುತ್ತೇವೆ, ಪಟ್ಟಿ ಎತ್ತುತ್ತೇವೆ. ಆದರೆ ಕೊಡುವವನ ಕೈಯಲ್ಲಿ ಏನಾದರೂ ಇದ್ದರೆ ತಾನೆ ಎತ್ತುವುದು? 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ರೈತರು ಸತ್ತರು, ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಬಂಡಾಯದ ಬಿಸಿಯಲ್ಲೇ ರಾಜ್ಯ ರೈತ ಸಂಘ ಹುಟ್ಟಿತು. ನರಗುಂದದ ವೀರಗಲ್ಲಿಗೆ ಪ್ರತಿ ವರ್ಷ ಅದೇ ದಿನ ರೈತರು ಬಂದು ಹೂ ಹಾಕುತ್ತಾರೆ.

ಜಿನ್ನಿಗೆ ಗಾಡಿ ಹೂಡಿದವರು, ಡಾಬಿಯ ಕೆಳಗೆ ಕೂತು ನೇಯ್ದವರು, ಲೇವಿಯ ವಿರುದ್ಧ ನಿಂತವರು ಈಗ ಊರಿಗೆ ಕೆಲವರಷ್ಟೇ ಉಳಿದಿದ್ದಾರೆ. ಈ ಮಾತುಗಳನ್ನು ಅವರು ಆಡಿದ ಬಗೆ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಈ ಸಲ ಊರಿಗೆ ಹೋದಾಗ ನಿಮ್ಮ ಅಜ್ಜ, ಕಾಕಾ, ದೊಡ್ಡವ್ವರ ಹತ್ತಿರ ಒಂದು ಹೊತ್ತು ಕೂತು, ಅವರ ಕಸುಬಿನ ಮಾತುಗಳನ್ನು ಅವರು ಹೇಳಿದ ಹಾಗೆಯೇ ಒಂದು ವಹಿಯಲ್ಲಿ ಬರೆದಿಡಿ.