ಸಿಕ್ಕಿಕೊಂಡ ತೋಟಾ ಕಲಿಸಿದ ಪಾಠ



ಸಂಧಿ ಸಮಾಸಗಳನ್ನು ಕಲಿಸುತ್ತಿದ್ದ ಮೇಷ್ಟ್ರು ಪಿಸ್ತೂಲಿನ ವಿಷಯ ಬರೆಯಲು ಹೊರಟಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ನನ್ನ ಕೈಕೆಳಗೆ ಎನ್.ಸಿ.ಸಿ.ಯಲ್ಲಿದ್ದವರಿಗೆ ಆಶ್ಚರ್ಯವಾಗಲಾರದು. ಶಾಲೆಯ ಟ್ರೂಪನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲೆ ಬಿದ್ದಾಗ ನಾಗಪುರದ ಬಳಿಯ ಕಾಂಪ್ಟಿಗೆ ಹೋಗಿ ತರಬೇತಿ ಪಡೆದು, ಥರ್ಡ್ ಆಫೀಸರ್ ಎಂಬ ಪದವಿಯೊಂದಿಗೆ ಹಿಂದಿರುಗಿದವನು ನಾನು. ಸೀಮೆಸುಣ್ಣ ಹಿಡಿದ ಕೈಗೆ ಬಂದೂಕಿನ ಎಣ್ಣೆಯ ವಾಸನೆ ಹತ್ತಿದ್ದು ಅಲ್ಲಿಯೇ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಚನ್ನಪಟ್ಟಣದಿಂದ ಕೆಲವು ಮೈಲಿ ಆಚೆ, ತೆಂಗಿನ ತೋಟದ ನಡುವಿನ ಒಂಟಿಮನೆಯಲ್ಲಿ ವಾಸ. ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದು ಪಾಯಿಂಟ್ 32 ಅಳತೆಯ ಪುಟ್ಟ ಪಿಸ್ತೂಲೊಂದನ್ನು ಕೊಂಡಿದ್ದ. 9 ಮಿಲಿಮೀಟರ್ ಪಿಸ್ತೂಲು ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದ ವರ್ಗಕ್ಕೆ ಸೇರಿದ್ದಾದ್ದರಿಂದ, ಲೈಸೆನ್ಸುದಾರರು ಹೆಚ್ಚಾಗಿ ಈ ಪಾಯಿಂಟ್ 32ರ ಮೊರೆ ಹೋಗುವುದು ವಾಡಿಕೆ.

ಅವನ ದೂರು ಇಷ್ಟೇ: "ಸಾರ್, ಎರಡು ಸಲ ಹಾರಿಸಿದರೆ ಮೂರನೆಯ ತೋಟಾ ಒಳಗೆ ಹೋಗುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಅಂಗಡಿಯವರು ಹೊಸದು, ಪಳಗಬೇಕು ಎನ್ನುತ್ತಾರೆ. ಗೆಳೆಯರು ನಿನಗೆ ಹಿಡಿಯಲು ಬರುವುದಿಲ್ಲ ಎನ್ನುತ್ತಾರೆ. ಯಾರ ಮಾತು ನಿಜ?"

ನನಗೆ ಬಂದೂಕಿನ ಮೇಲೆ ಮೋಹವಿಲ್ಲ. ಒಂಟಿಮನೆಯ ಭಯಕ್ಕೆ ಒಳ್ಳೆಯ ನೆರೆಹೊರೆಯೇ ಮದ್ದು ಎಂದು ನಂಬಿದವನು. ಆದರೂ ಇಟ್ಟುಕೊಂಡ ಮೇಲೆ ಅದರ ಗುಣದೋಷಗಳನ್ನು ತಿಳಿಯದಿರುವುದು ಇನ್ನೂ ಅಪಾಯಕರ. ಆದ್ದರಿಂದ ಅವನು ಬೆಂಗಳೂರಿನ ರೈಫಲ್ ರೇಂಜಿಗೆ ಹೊರಟಾಗ ಜೊತೆಗೆ ಹೋದೆ.

ಮೊದಲು ಯಂತ್ರದ ಮರ್ಮವನ್ನು ಸ್ವಲ್ಪ ಹೇಳಬೇಕು. ಪಿಸ್ತೂಲಿನ ಹಿಡಿಯೊಳಗೆ ಮ್ಯಾಗಜಿನ್ ಎಂಬ ತಗಡಿನ ಪೆಟ್ಟಿಗೆಯಿದೆ. ಅದರ ತಳದ ಸ್ಪ್ರಿಂಗು ತೋಟಾಗಳನ್ನು ಮೇಲಕ್ಕೆ ನೂಕುತ್ತಿರುತ್ತದೆ. ಮೇಲಿನ ಎರಡು ತುಟಿಗಳು ಅವು ಹಾರಿಹೋಗದಂತೆ ತಡೆದಿರುತ್ತವೆ. ಗುಂಡು ಹಾರಿದಾಗ ಮೇಲ್ಭಾಗದ ಸ್ಲೈಡು ಹಿಂದಕ್ಕೆ ಸರಿದು ಖಾಲಿ ಕೊಳವೆಯನ್ನು ಹೊರಗೆಸೆಯುತ್ತದೆ. ಮರಳಿ ಮುಂದೆ ಬರುವಾಗ ಮ್ಯಾಗಜಿನ್ನಿನ ಮೇಲಿನ ತೋಟಾವನ್ನು ತಳ್ಳಿ, ಸಣ್ಣದೊಂದು ಇಳಿಜಾರಿನ ಮೇಲೆ ಹತ್ತಿಸಿ, ನಳಿಗೆಯ ಹಿಂಬದಿಯ ಕೋಣೆಗೆ ಸೇರಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೂ ನಡೆಯಬೇಕು. ಪುಟ್ಟ ಪಿಸ್ತೂಲಿನಲ್ಲಿ ಸ್ಲೈಡು ಹಿಂದೆ ಸರಿಯುವ ದೂರ ಕಡಿಮೆ, ಸ್ಪ್ರಿಂಗು ಬಿಗಿ. ಹೀಗಾಗಿ ದೊಡ್ಡ ಪಿಸ್ತೂಲು ಸಹಿಸಿಕೊಳ್ಳುವ ಸಣ್ಣ ದೋಷವನ್ನು ಇದು ಸಹಿಸದು.

ಕಾರಣಗಳು ಹಲವು. ಗಟ್ಟಿಯಾದ ಗ್ರೀಸು, ಡೊಂಕಾದ ತುಟಿ, ಸೋತ ಸ್ಪ್ರಿಂಗು, ಒರಟಾದ ಇಳಿಜಾರು, ಹೊಂದದ ತೋಟಾ, ಕೊನೆಗೆ ಸಡಿಲವಾಗಿ ಹಿಡಿದ ಮಣಿಕಟ್ಟು. ಮಣಿಕಟ್ಟು ಸಡಿಲವಾದರೆ ಪಿಸ್ತೂಲೇ ಹಿಂದಕ್ಕೆ ಬಾಗಿ, ಸ್ಲೈಡು ತನ್ನ ದೂರವನ್ನು ಪೂರ್ತಿ ಕ್ರಮಿಸುವುದಿಲ್ಲ. ಎಲ್ಲವೂ ಹೊರಗಿನಿಂದ ಒಂದೇ ರೋಗವಾಗಿ ಕಾಣುತ್ತವೆ. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಮೊದಲನೆಯದು ಶುಚಿ. 2024ರ ನವೆಂಬರಿನಲ್ಲಿ ನಮ್ಮ ಚನ್ನಪಟ್ಟಣ ಕ್ಷೇತ್ರಕ್ಕೆ ಉಪಚುನಾವಣೆ ಬಂದಾಗ, ಚುನಾವಣೆಯ ವೇಳೆ ಲೈಸೆನ್ಸಿನ ಆಯುಧಗಳನ್ನು ಒಪ್ಪಿಸುವ ವಾಡಿಕೆಯಂತೆ ಇವನೂ ಠಾಣೆಗೆ ಒಪ್ಪಿಸಿದ್ದ. ಹಿಂದೆ ಪಡೆದ ಮೇಲೆ ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಬಳಿದ ಗ್ರೀಸು ಒಳಗೆಲ್ಲ ಅಂಟಿನಂತಾಗಿತ್ತು. ರೇಂಜಿನ ಶಿಕ್ಷಕರು, ಬಿಡಿಭಾಗಗಳನ್ನು ಒರೆಸಿ, ಸ್ಲೈಡು ಜಾರುವ ಗೆರೆಗಳಿಗೆ ಒಂದೊಂದು ಹನಿ ತೆಳು ಎಣ್ಣೆ ಹಾಕಿಸಿದರು. ಮ್ಯಾಗಜಿನ್ನಿನ ಒಳಭಾಗವನ್ನು ಮಾತ್ರ ಒಣಗಿಸಿದರು, ಏಕೆಂದರೆ ಅಲ್ಲಿ ಎಣ್ಣೆಯಿದ್ದರೆ ಧೂಳು ಕೂರುತ್ತದೆ. ಸ್ವಲ್ಪ ಗುಣ ಕಂಡಿತು, ಪೂರ್ತಿ ಹೋಗಲಿಲ್ಲ.

ಎರಡನೆಯದು ಕೈ. ಅದೇ ಪಿಸ್ತೂಲು, ಅದೇ ಮ್ಯಾಗಜಿನ್, ಅದೇ ತೋಟಾಗಳನ್ನು ಶಿಕ್ಷಕರೇ ಹಾರಿಸಿದರು. ಅವರ ಕೈಯಲ್ಲೂ ಸಿಕ್ಕಿಕೊಂಡಿತು. ನನ್ನ ಶಿಷ್ಯನ ಮುಖದಲ್ಲಿ ಆ ಕ್ಷಣ ಮೂಡಿದ ಸಮಾಧಾನವನ್ನು ನೀವು ನೋಡಬೇಕಾಗಿತ್ತು.

ಮೂರನೆಯದು ತೋಟಾ ಮತ್ತು ಮ್ಯಾಗಜಿನ್. ಅವನ ಬಳಿ ಎರಡು ಮ್ಯಾಗಜಿನ್ನುಗಳಿದ್ದವು. ಸುಣ್ಣದ ಕಡ್ಡಿಯಿಂದ ಒಂದು, ಎರಡು ಎಂದು ಗುರುತು ಹಾಕಿದೆವು. ತೋಟಾಗಳಲ್ಲೂ ಎರಡು ಬಗೆ: ದುಂಡು ಮೂತಿಯವು, ಮತ್ತು ಮೂತಿ ಟೊಳ್ಳಾದ, ಉದ್ದ ಕಡಿಮೆಯಾದ ವಿದೇಶಿ ತೋಟಾಗಳು. ಕಾಗದದ ಮೇಲೆ ನಾಲ್ಕು ಮನೆಗಳ ಕೋಷ್ಟಕ ಬರೆದು ಪ್ರತಿಯೊಂದು ಜೋಡಿಯನ್ನೂ ಪರೀಕ್ಷಿಸಿದೆವು. ಗಿಡ್ಡ ತೋಟಾಗಳು ಎರಡೂ ಮ್ಯಾಗಜಿನ್ನುಗಳಲ್ಲಿ ಸಿಕ್ಕಿಕೊಂಡವು. ದುಂಡು ಮೂತಿಯವು ಎರಡನೆಯದರಲ್ಲಿ ಮಾತ್ರ ಸಿಕ್ಕಿಕೊಂಡವು. ಒಂದನೆಯದರಲ್ಲಿ ಒಂದೂ ನಿಲ್ಲಲಿಲ್ಲ. ಅಂದರೆ ರೋಗ ಒಂದಲ್ಲ, ಎರಡು!

ಸಿಕ್ಕಿಕೊಂಡ ಮ್ಯಾಗಜಿನ್ನನ್ನು ಹೊರತೆಗೆದು ನೋಡಿದಾಗ ನನಗೆ ಕಾಂಪ್ಟಿಯ ದಿನಗಳು ನೆನಪಾದವು. ನಮ್ಮ ಹಳೆಯ ತ್ರೀನಾಟ್‌ತ್ರೀ ರೈಫಲಿನ ತೋಟಾಗಳಿಗೆ ಬುಡದಲ್ಲಿ ಹೊರಚಾಚಿದ ಅಂಚಿತ್ತು. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು; ಹಿಂದಾದರೆ ಒಂದಕ್ಕೊಂದು ಕೊಕ್ಕೆಯಂತೆ ಸಿಕ್ಕಿ, ಎಷ್ಟು ನೂಕಿದರೂ ಮೇಲಿನದು ಮುಂದೆ ಸರಿಯದು. ಹವಾಲ್ದಾರರು ಇದನ್ನು ನಮಗೆ ದಿನವೂ ಮಂತ್ರದಂತೆ ಹೇಳಿಸುತ್ತಿದ್ದರು. ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ ಈ ಪಾಯಿಂಟ್ 32ರ ತೋಟಾಕ್ಕೂ ಅಂಥದೇ ಅಂಚಿದೆ. ಅದು ಬಹಳ ಚಿಕ್ಕದು, ಸುತ್ತಲೂ ಹೊರಚಾಚುವುದು ಸುಮಾರು ಕಾಲು ಮಿಲಿಮೀಟರಿನಷ್ಟು ಮಾತ್ರ. ಆದ್ದರಿಂದ ಯಾರೂ ಗಮನಿಸುವುದಿಲ್ಲ. ಸುಮಾರು 25 ಮಿಲಿಮೀಟರ್ ಉದ್ದದ ದುಂಡು ಮೂತಿಯ ತೋಟಾ ಮ್ಯಾಗಜಿನ್ನಿನಲ್ಲಿ ಅಲುಗಾಡಲು ಜಾಗವಿರುವುದಿಲ್ಲ. ಗಿಡ್ಡ ತೋಟಾಕ್ಕೆ ಹಿಂದೆ ಮುಂದೆ ಜಾಗ ಸಿಗುತ್ತದೆ. ಗುಂಡು ಹಾರಿದ ಅದುರಿಗೆ ಅದು ಹಿಂದೆ ಜಾರಿ, ಅಂಚು ಅಂಚಿಗೆ ಸಿಕ್ಕುತ್ತದೆ. ಮೊದಲ ರೋಗ ಇದು. ಎರಡನೆಯ ಮ್ಯಾಗಜಿನ್ನನ್ನು ಬೆಳಕಿಗೆ ಹಿಡಿದಾಗ ಒಂದು ತುಟಿ ಕೂದಲೆಳೆಯಷ್ಟು ಒಳಬಾಗಿದ್ದು ಕಂಡಿತು. ಎಲ್ಲೋ ಕೆಳಗೆ ಬಿದ್ದಿರಬೇಕು. ಅದನ್ನು ಇಕ್ಕಳದಿಂದ ತಿದ್ದಲು ಹೋಗದೆ ಬದಲಾಯಿಸಿಕೊಳ್ಳಲು ಹೇಳಿದೆವು. ಇಳಿಜಾರನ್ನು ಅರದಿಂದ ಉಜ್ಜುವ ಸಾಹಸವೂ ಬೇಡ. ಅಂಥ ಕೆಲಸ ಲೈಸೆನ್ಸ್ ಪಡೆದ ಬಂದೂಕಿನ ಕುಶಲಕರ್ಮಿಗೇ ಸೇರಿದ್ದು.

ಹಾಗಾದರೆ ಪಳಗಿಸುವುದು ಸುಳ್ಳೇ? ಅಲ್ಲ. ನಮ್ಮೂರಿನ ಬೊಂಬೆ ಕೆಲಸದವರನ್ನು ಕೇಳಿ. ಹೊಸದಾಗಿ ಕಡೆದ ಆಲೆಮರದ ಬಂಡಿಗೆ ಚಕ್ರ ಜೋಡಿಸಿದಾಗ ಮೊದಮೊದಲು ಬಿಗಿಯಾಗಿರುತ್ತದೆ, ನಾಲ್ಕಾರು ಸಲ ಉರುಳಿಸಿದ ಮೇಲೆ ಸಲೀಸಾಗುತ್ತದೆ. ಲೋಹವೂ ಹಾಗೆಯೇ. ಹೊರದೇಶಗಳಲ್ಲಿ ಹೊಸ ಪಿಸ್ತೂಲನ್ನು ನಂಬುವ ಮುನ್ನ 200 ಸುತ್ತು ಹಾರಿಸಬೇಕೆನ್ನುವುದುಂಟು. ನಮ್ಮಲ್ಲಿ ತೋಟಾಗಳ ಸಂಖ್ಯೆಗೆ ಲೈಸೆನ್ಸಿನಲ್ಲೇ ಮಿತಿಯಿದೆ, ಬೆಲೆಯೂ ದುಬಾರಿ. ಆದ್ದರಿಂದ ಖಾಲಿಯೆಂದು ಎರಡು ಸಲ ಖಚಿತಪಡಿಸಿಕೊಂಡ ಪಿಸ್ತೂಲಿನ ಸ್ಲೈಡನ್ನು ಕೈಯಿಂದಲೇ ನೂರಾರು ಬಾರಿ ಎಳೆದು ಬಿಡಲು ಶಿಕ್ಷಕರು ಸೂಚಿಸಿದರು. ಆಮೇಲೆ ಹಲವು ಭೇಟಿಗಳಲ್ಲಿ ಹಂಚಿಕೊಂಡು ರೇಂಜಿನಲ್ಲೇ ಹಾರಿಸಬೇಕು, ತೋಟದಲ್ಲಿ ಖಂಡಿತ ಕೂಡದು. ನೆನಪಿಡಬೇಕಾದ್ದು ಇಷ್ಟೇ: ಪಳಗುವ ದೋಷ ದಿನದಿನಕ್ಕೆ ಕಡಿಮೆಯಾಗುತ್ತದೆ. ಅದೇ ಮ್ಯಾಗಜಿನ್ನಿನಲ್ಲಿ ಅದೇ ಬಗೆಯಾಗಿ ಮರುಕಳಿಸುವ ದೋಷ ಪಳಗುವುದಿಲ್ಲ, ಅದನ್ನು ಹುಡುಕಿಯೇ ತೆಗೆಯಬೇಕು.

ದುಂಡು ಮೂತಿಯ ತೋಟಾ, ಒಂದನೆಯ ಮ್ಯಾಗಜಿನ್. ಅವನ ಪಿಸ್ತೂಲು ಅಂದಿನಿಂದ ಸರಿಯಾಗಿ ನಡೆಯುತ್ತಿದೆ. ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅಂದು ಹಿಂದಿರುಗುವಾಗ ಬಿಡದಿ ದಾಟುವವರೆಗೂ ನಾನು ಮಾತನಾಡಲಿಲ್ಲ. ಆ ಬಾಗಿದ ತುಟಿ ನನ್ನನ್ನು ಬೇರೊಂದು ದಿನಕ್ಕೆ ಕರೆದೊಯ್ದಿತ್ತು.

1980ರ ದಶಕದ ಕೊನೆಯ ಒಂದು ವಾರ್ಷಿಕ ಶಿಬಿರ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಹಳ್ಳಿಯಿಂದ ದಿನವೂ ನಡೆದು ಬರುತ್ತಿದ್ದವನು, ಪಾಯಿಂಟ್ 22 ರೈಫಲಿನೊಂದಿಗೆ ಮಲಗಿ ಗುರಿಯಿಡುತ್ತಿದ್ದ. ಪಾಲಿಗೆ ಬಂದದ್ದು ಐದು ತೋಟಾ. ಮೊದಲನೆಯದು ಹಾರಿತು, ಎರಡನೆಯದು ಸಿಕ್ಕಿಕೊಂಡಿತು. ಬೋಲ್ಟನ್ನು ಬಲವಂತವಾಗಿ ನೂಕಿದ. ಆಗದಿದ್ದಾಗ ರೈಫಲನ್ನು ಹಿಡಿದಂತೆಯೇ ನನ್ನ ಕಡೆ ಹೊರಳಿ, "ಸಾರ್, ಹೋಗ್ತಾ ಇಲ್ಲ" ಎಂದ. ನಳಿಗೆ ಸಾಲಿನಲ್ಲಿ ಮಲಗಿದ್ದ ಮಕ್ಕಳ ಮೇಲೆಲ್ಲ ಹಾಯ್ದುಹೋಯಿತು. ಹವಾಲ್ದಾರರು ಹಾರಿ ಅದನ್ನು ಆಕಾಶಕ್ಕೆ ಎತ್ತದಿದ್ದರೆ ಏನಾಗುತ್ತಿತ್ತೋ!

ನಾನು ಅವನ ಕೆನ್ನೆಗೆ ಹೊಡೆದೆ. ಅಷ್ಟಕ್ಕೆ ನಿಲ್ಲಲಿಲ್ಲ. ರೈಫಲ್ ಕೆಟ್ಟಿತ್ತು ಸಾರ್ ಎಂದು ಅವನು ತೊದಲಿದಾಗ, ಇಡೀ ಟ್ರೂಪಿನ ಮುಂದೆ "ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂದು ಹೇಳಿ ನಗಿಸಿದೆ. ಮುಂದಿನ ಗುರಿಕಾರರ ತಂಡದಿಂದ ಅವನ ಹೆಸರನ್ನು ಹೊಡೆದುಹಾಕಿದೆ.

ಮರುದಿನ ಅದೇ ರೈಫಲ್ ಮತ್ತೊಬ್ಬ ಹುಡುಗನ ಕೈಯಲ್ಲಿ ಸಿಕ್ಕಿಕೊಂಡಿತು. ಹವಾಲ್ದಾರರು ಮ್ಯಾಗಜಿನ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಒಂದು ತುಟಿ ಜಜ್ಜಿಹೋಗಿತ್ತು. ಅವರು ಏನೂ ಹೇಳಲಿಲ್ಲ, ಬೇರೆ ಮ್ಯಾಗಜಿನ್ ಹಾಕಿದರು. ನಾನೂ ಏನೂ ಹೇಳಲಿಲ್ಲ. ನೆಲ ನಿಜವಾಗಿಯೂ ಡೊಂಕಾಗಿತ್ತು. ಆ ಹುಡುಗನಿಗೆ ಅದನ್ನು ತಿಳಿಸುವಷ್ಟು ದೊಡ್ಡತನ ನನ್ನಲ್ಲಿರಲಿಲ್ಲ. ಮುಂದಿನ ವರ್ಷ ಅವನು ಎನ್.ಸಿ.ಸಿ.ಗೆ ಬರಲಿಲ್ಲ.

ನಳಿಗೆ ತಿರುಗಿಸಿದ್ದು ತಪ್ಪಲ್ಲವೇ ಎಂದು ನೀವು ಕೇಳಬಹುದು. ತಪ್ಪೇ, ಮಾರಣಾಂತಿಕವಾದ ತಪ್ಪು. ಆದರೆ ಗುಂಡು ಹಾರಿಸುವುದನ್ನು ವಾರಗಟ್ಟಲೆ ಕಲಿಸಿದ ನಾನು, ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಆ ತಂಡಕ್ಕೆ ಒಂದು ಮಾತನ್ನೂ ಕಲಿಸಿರಲಿಲ್ಲ. ತೊಂದರೆ ಬಂದಾಗ ಮಗು ಮೇಷ್ಟ್ರ ಕಡೆಗೆ ತಿರುಗುತ್ತದೆ. ಅವನು ಮಾಡಿದ್ದೂ ಅಷ್ಟೇ.

ಆ ಮೇಲಿನ ವರ್ಷಗಳಲ್ಲಿ ನನ್ನ ಪ್ರತಿ ತಂಡವೂ ಮೊದಲು ಕಲಿತದ್ದು ಇದನ್ನೇ. ಸಿಕ್ಕಿಕೊಂಡರೆ ಬೆರಳನ್ನು ಟ್ರಿಗರಿನಿಂದ ತೆಗೆ. ನಳಿಗೆ ಗುರಿಯ ಕಡೆಗೇ ಇರಲಿ. ಎಡಗೈ ಎತ್ತು. ಟ್ರಿಗರ್ ಎಳೆದೂ ಸದ್ದಾಗದಿದ್ದರೆ ಮೂವತ್ತು ಎಣಿಸುವವರೆಗೆ ಅಲುಗಬೇಡ, ತಡವಾಗಿ ಸಿಡಿಯಬಹುದು. ಸದ್ದು ಕ್ಷೀಣವಾಗಿದ್ದರೆ ಮತ್ತೆ ಹಾರಿಸಬೇಡ, ಗುಂಡು ನಳಿಗೆಯಲ್ಲೇ ಉಳಿದಿರಬಹುದು. ನನ್ನ ಹಳೆಯ ಕೆಡೆಟ್ಟುಗಳಿಗೆ ಇದು ಇಂದಿಗೂ ಬಾಯಿಪಾಠವಿದ್ದೀತು. ಅದು ಎಲ್ಲಿಂದ ಬಂತೆಂದು ನಾನು ಯಾರಿಗೂ ಹೇಳಿರಲಿಲ್ಲ.

ನನ್ನ ಶಿಷ್ಯನ ಪಿಸ್ತೂಲಿಗೆ ನಾವು ಕೋಷ್ಟಕ ಬರೆದೆವು, ಮ್ಯಾಗಜಿನ್ನುಗಳಿಗೆ ಗುರುತು ಹಾಕಿದೆವು, ಬೇರೆಯವರ ಕೈಯಲ್ಲಿಟ್ಟು ನೋಡಿದೆವು. ಒಂದು ಲೋಹದ ತುಂಡಿಗೆ ತೋರಿದ ಈ ತಾಳ್ಮೆಯನ್ನು ಹದಿನಾಲ್ಕು ವರ್ಷದ ಹುಡುಗನಿಗೆ ನಾನು ತೋರಲಿಲ್ಲ. ತರಗತಿಯಲ್ಲೂ ಎಷ್ಟೋ ಸಲ ಹೀಗೆ ಮಾಡಿರಬಹುದು. ಕಪ್ಪುಹಲಗೆ ಕಾಣದ ಮಗುವನ್ನು ದಡ್ಡನೆಂದೆನೋ, ಹಸಿದು ಬಂದವನನ್ನು ಸೋಮಾರಿಯೆಂದೆನೋ, ಈಗ ಲೆಕ್ಕ ಸಿಗದು.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಮೇಲಧಿಕಾರಿಗಳು, ತಂದೆತಾಯಂದಿರು. ಕೆಲಸ ಕೆಟ್ಟಾಗ ಮನುಷ್ಯನನ್ನು ಕಡೆಯಲ್ಲಿ ಅನುಮಾನಿಸಿ, ಮ್ಯಾಗಜಿನ್ನನ್ನು ಮೊದಲು ಬಿಚ್ಚಿ ನೋಡಿ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಹೆಸರು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಬರೆಯುವುದು ಸರಿಯಲ್ಲ. ಅಪ್ಪಾ, ಇದನ್ನು ನೀನು ಓದುತ್ತಿದ್ದರೆ, ಅಂದು ರೈಫಲ್ ಕೆಟ್ಟಿದ್ದುದು ನಿಜ. ನೀನು ಹೇಳಿದ್ದು ಸತ್ಯ. ಇಷ್ಟು ತಡವಾಗಿ ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಊರಿಗೆ ಬಂದಾಗ ಮನೆಗೆ ಬಾ.

ಇಂತಿ,
ನಿಮ್ಮ ಮೇಷ್ಟ್ರು
ಚನ್ನಪಟ್ಟಣ