ಆರರಲ್ಲೊಂದು ಸುತ್ತು

ಎಳ್ಳಮವಾಸಿ ಹತ್ತಿರ ಬಂತೆಂದರೆ ತಿಕೋಟಾದ ನಮ್ಮ ಮನೆಯಲ್ಲಿ ಎರಡು ಕೆಲಸ ಒಟ್ಟಿಗೇ ಸುರುವಾಗುತ್ತಿದ್ದವು. ಒಳಗೆ ಅವ್ವ ಹೋಳಿಗೆಗೆ ಸೇಂಗಾ ಹುರಿಯುತ್ತಿದ್ದಳು, ಹೊರಗೆ ಅಪ್ಪ ಜೀಪಿನ ಮುಂದಿನ ಗಾಲಿ ಬಿಚ್ಚುತ್ತಿದ್ದ. ಚರಗ ಚೆಲ್ಲಲು ಇಡೀ ಮನೆತನ, ಓಣಿಯ ಮಕ್ಕಳೂ ಸೇರಿ, ಹೊಲಕ್ಕೆ ಹೋಗುವುದು ಅದೇ ಜೀಪಿನಲ್ಲಿ. ಅಷ್ಟು ಜನರನ್ನು ಹೊರುವ ಬೇರಿಂಗನ್ನು ಕಣ್ಣಾರೆ ನೋಡದೆ ಗಾಡಿ ಹೊರಡಿಸುವುದು ಅವನಿಗೆ ಒಪ್ಪಿಗೆಯಿರಲಿಲ್ಲ.

ಅಮೆರಿಕದ ವಿಲ್ಲೀಸ್ ಮಾದರಿಯನ್ನೇ ಹಿಡಿದು ಮಹೀಂದ್ರಾದವರು ಮಾಡಿದ ಹಳೆಯ ಜೀಪು ಅದು. ಮುಂದಿನ ಒಂದೊಂದು ಗಾಲಿಯ ಹಬ್ಬಿನೊಳಗೂ ಒಂದೇ ಅಳತೆಯ ಎರಡು ಟೇಪರ್ ರೋಲರ್ ಬೇರಿಂಗ್, ಒಂದಕ್ಕೊಂದು ಎದುರಾಗಿ. ಅದರ ನಂಬರು 18590. ವಿಜಯಪುರದ ಅಂಗಡಿಗೆ ಹೋದರೆ ಅಪ್ಪ ಆ ಅಂಕಿಯನ್ನಷ್ಟೇ ಹೇಳುತ್ತಿದ್ದ, ಅಂಗಡಿಯವರು ಮರುಮಾತಿಲ್ಲದೆ ತಂದಿಡುತ್ತಿದ್ದರು. ಈ ಓರೆ ರೋಲರಿಗೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಕುದುರೆಗಾಡಿ ಕಟ್ಟುತ್ತಿದ್ದವನು. ತಿರುವಿನಲ್ಲಿ ಭಾರ ಮೇಲಿಂದಷ್ಟೇ ಅಲ್ಲ, ಪಕ್ಕದಿಂದಲೂ ಗಾಲಿಯನ್ನು ನೂಕುತ್ತದೆ. ಎರಡನ್ನೂ ತಡೆಯಲಿ ಎಂದೇ ರೋಲರು ಓರೆಯಾದದ್ದು. ಇದನ್ನು ಓದಿ ತಿಳಿದಾಗ ಅಪ್ಪ ಇರಲಿಲ್ಲ. ಇದ್ದಿದ್ದರೆ ಬಹಳ ಖುಷಿಪಡುತ್ತಿದ್ದ. ಅಜ್ಜನ ಎತ್ತಿನ ಗಾಡಿಯ ಅಚ್ಚಿಗೆ ಔಡಲೆಣ್ಣೆಯಲ್ಲಿ ಅದ್ದಿದ ಅರಿವೆ ಸುತ್ತುತ್ತ ಬೆಳೆದವನು ಅವನು.

ಅಂಗಳದಲ್ಲಿ ತಟ್ಟು ಹಾಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಏರಿಸಿ, ಮೊದಲು ಗಾಲಿಯ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸುತ್ತಿದ್ದ. ಆಮೇಲೆ ಫ್ಲ್ಯಾಂಜಿನ ಬೋಲ್ಟು, ಹೊರಗಿನ ಲಾಕ್ ನಟ್ಟು, ಅಂಚು ಮಡಚಿದ ವಾಶರು, ಒಳಗಿನ ನಟ್ಟು. ಬಿಚ್ಚಿದ್ದೆಲ್ಲ ಬಿಚ್ಚಿದ ಸಾಲಿನಲ್ಲೇ ತಟ್ಟಿನ ಮೇಲೆ. ಬೋಗುಣಿಯಲ್ಲಿ ಚಿಮಣಿ ಎಣ್ಣೆ ಸುರಿದು ಬೇರಿಂಗ್ ತೊಳೆಯುವುದು ನನ್ನ ಪಾಲು. ಹಳೆಯ ಗ್ರೀಸು ಕರಗಿ ಹೋದಮೇಲೆ ಉಕ್ಕು ಹೊಳೆಯುತ್ತಿತ್ತು. ಅಪ್ಪ ಒಂದೊಂದೇ ರೋಲರನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ: ನೀಲಿ ತಿರುಗಿದ್ದರೆ ಕಾದಿದೆ, ಚುಕ್ಕಿ ಬಿದ್ದಿದ್ದರೆ ಮುಗಿದಿದೆ. ಒಣಗಿದ ಬೇರಿಂಗನ್ನು ಗ್ರೀಸ್ ಇಲ್ಲದೆ ಗರಗರ ತಿರುಗಿಸಲು ನನ್ನನ್ನು ಎಂದೂ ಬಿಡಲಿಲ್ಲ. ಎಡ ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟು, ಬೇರಿಂಗಿನ ಅಗಲದ ಅಂಚನ್ನು ಅದರೊಳಗೆ ಒತ್ತಿ ಒತ್ತಿ, ಆಚೆ ಬದಿಯ ಸಂದಿಗಳಲ್ಲಿ ಗ್ರೀಸು ಇಣುಕುವವರೆಗೆ ತುಂಬುತ್ತಿದ್ದ. ಹೊರಗೆ ಸವರಿದರೆ ಒಳಗೆ ಹೋಗುವುದಿಲ್ಲ.

ಇಷ್ಟೆಲ್ಲ ಕಾಳಜಿಗೆ ಡೋಣಿ ಹೊಳೆಯೇ ಕಾರಣ. ಅವ್ವನ ತವರು ಬಬಲೇಶ್ವರ. ಹಾದಿಯಲ್ಲಿ ಸಾರವಾಡದ ಹತ್ತಿರ ಡೋಣಿ ದಾಟಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಅಪ್ಪ ನೀರು ಇಳಿಯುವವರೆಗೆ ಕಾದು, ಮೊಣಕಾಲು ನೀರಿನಲ್ಲಿ ಜೀಪು ಹಾಯಿಸುತ್ತಿದ್ದ. ಓಡಿ ಬಿಸಿಯಾದ ಹಬ್ಬು ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡೋಣಿಯ ನೀರು ಉಪ್ಪು, ಜೊತೆಗೆ ಎರಿ ಮಣ್ಣಿನ ಕಸರು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎನ್ನುವ ನಮ್ಮ ಕಡೆ ಆ ಮಣ್ಣು ಅನ್ನ ಕೊಡುವ ತಾಯಿ, ಆದರೆ ಬೇರಿಂಗಿಗೆ ವಿಷ. ಮಳೆಗಾಲ ಮುಗಿದ ಮೇಲೆ ಹಬ್ಬು ತೆರೆದರೆ ಗ್ರೀಸು ಬಿಳಿಚಿಕೊಂಡು ಮಜ್ಜಿಗೆಯಂತಾಗಿರುತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ಬಿಗಿ ಮಾಡುವ ಗಳಿಗೆ. ಗಾಲಿ ತಿರುಗಿಸುತ್ತಲೇ ಒಳಗಿನ ನಟ್ಟು ಬಿಗಿಯುತ್ತ ಹೋಗಬೇಕು. ಗಾಲಿ ಹಿಡಿದಂತಾಯಿತು ಅನ್ನಿಸಿದಲ್ಲಿ ನಿಲ್ಲಿಸಿ ಆರರಲ್ಲೊಂದು ಸುತ್ತು ಹಿಂದಕ್ಕೆ, ಅಂದರೆ ಆರು ಮುಖದ ನಟ್ಟಿನ ಒಂದು ಮುಖದಷ್ಟು. ಹೆಚ್ಚು ಬಿಗಿಯಾದರೆ ಬೇರಿಂಗ್ ಕಾದು ಸುಡುತ್ತದೆ, ಸಡಿಲಾದರೆ ಗಾಲಿ ತೂಗಾಡಿ ರೋಲರಿನ ಹಾದಿಯನ್ನೇ ಕುಟ್ಟಿ ಕೆಡಿಸುತ್ತದೆ. ಆದರೆ ಹೊರನಟ್ಟು ಕೂತಮೇಲೆ ಅಳತೆ ಮತ್ತೆ ತುಸು ಬದಲಾಗುತ್ತದೆ, ಅಲ್ಲಿ ಪುಸ್ತಕದ ಲೆಕ್ಕ ಸಾಲುವುದಿಲ್ಲ. ಅಪ್ಪ ಟಾಯರಿನ ಮೇಲೆ ನನ್ನ ಕೈಯಿರಿಸಿ, ತನ್ನ ಕೈ ಅದರ ಮೇಲಿಟ್ಟು ಅಲುಗಿಸುತ್ತಿದ್ದ. “ತಿಳೀತೇನು? ಇಷ್ಟ ಇರಬೇಕು.” ಮಾತಿನಲ್ಲಿ ಹೇಳಲಾಗದ ಆ ಇಷ್ಟೇ ಇಷ್ಟು ನನ್ನ ಅಂಗೈಗೆ ಬಂದದ್ದು ಹಾಗೆ.

ಬಿಜಾಪುರ ವಿಜಯಪುರವಾದ 2014ರ ಹೊತ್ತಿಗೆ ಅವನ ಬೆರಳು ಗಂಟುಗಟ್ಟಿ ಪಾನಾ ಹಿಡಿಯಲಾಗುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಗಾಲಿಯ ಸಪ್ಪಳ ಕೇಳಿಯೇ “ಇನ್ನೊಂದೀಟು ಬಿಡು” ಅನ್ನುತ್ತಿದ್ದ. ಅವನು ಹೋದಮೇಲೆ ಜೀಪು ಮಾರಿದೆವು. ಕೊಂಡವರು ಅದನ್ನು ಗುಜರಿಗೆ ಹಾಕಿದರಂತೆ. ಗೊತ್ತಾದ ದಿನ ಅವ್ವ ಊಟ ಮಾಡಲಿಲ್ಲ.

ಈಗ ವಿಜಯಪುರದಲ್ಲಿ ನನ್ನ ಹತ್ತಿರ ಇರುವ ಕಾರಿನಲ್ಲಿ ಬೇರಿಂಗು, ಗ್ರೀಸು, ಸೀಲು ಎಲ್ಲ ಒಂದೇ ಮುಚ್ಚಿದ ಗಡ್ಡೆ. ಬಿಚ್ಚುವ ಹಾಗಿಲ್ಲ, ಬಿಗಿಯುವ ಹಾಗಿಲ್ಲ. ಗುಂಯ್ ಎಂದರೆ ಇಡಿಯಾಗಿ ಬದಲಿಸುವುದು. ಒಳ್ಳೆಯ ವ್ಯವಸ್ಥೆ, ಕೆಸರು ನೀರನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅಪ್ಪ ನನ್ನ ಕೈಗೆ ಕೊಟ್ಟ ಅಳತೆಗೆ ಅದರಲ್ಲಿ ಜಾಗವಿಲ್ಲ. ಅವನ ಫೋಟೊ ಗೋಡೆಯ ಮೇಲಿದೆ, ಗಡಿಯಾರ ಪೆಟ್ಟಿಗೆಯಲ್ಲಿದೆ. ಇದೊಂದನ್ನು ಎಲ್ಲಿಡಬೇಕೋ ನನಗೆ ತಿಳಿಯುವುದಿಲ್ಲ.

ಹಬ್ಬಿನ ನಟ್ಟು ಬಿಚ್ಚುವ ಆ ದೊಡ್ಡ ಬಾಕ್ಸ್ ಪಾನಾ ಬಹಳ ದಿನ ಕಪಾಟಿನಲ್ಲಿತ್ತು. ಬಬಲೇಶ್ವರದ ರೈತರೊಬ್ಬರು ಹಳೆಯ ಜೀಪನ್ನು ಇನ್ನೂ ಓಡಿಸುತ್ತಾರೆ, ಗಾಲಿ ಬಿಚ್ಚಲು ಪಾನಾ ಹುಡುಕುತ್ತಿದ್ದಾರೆ ಎಂದು ಕೇಳಿ ಒಯ್ದು ಕೊಟ್ಟೆ. ಯಾವಾಗ ವಾಪಸ್ ತರಲಿ ಎಂದರು. ನಿಮ್ಮ ಕಡೇನೆ ಇರಲಿ ಅಂದೆ. ಈಗ ಡೋಣಿ ಉಕ್ಕಿದ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ಅವರಿಗೆ ಫೋನ್ ಹಚ್ಚುತ್ತೇನೆ: “ಗಾಡಿ ನೀರಾಗ ಹಾಯಿಸಿದ್ರ ಗಾಲಿ ಬಿಚ್ಚಿ ನೋಡ್ರಿ. ಗ್ರೀಸ್ ಬೆಳ್ಳಗಾಗಿದ್ರ ಪೂರಾ ತೊಳೀರಿ.”